ಮೊದಲು ಇಳಿದವರು ಯಾರು

ನಾಡಿನ ಪಾಲಕ ಸಂತ ಡೇವಿಡ್ಡರ ಹಬ್ಬದ ದಿನ, ಮಾರ್ಚ್ ಒಂದರಂದು ನಡೆಯುವ ಪ್ರಶ್ನೋತ್ತರ ಸ್ಪರ್ಧೆಯನ್ನು ನಾಂಟ್‌ಲಾಸ್ ಊರಿನಲ್ಲಿ ಶುರು ಮಾಡಿದವಳೇ ಕೈನ್ವೆನ್ ಪಾರಿ. ಇಪ್ಪತ್ತೈದು ವರ್ಷ ಪ್ರಶ್ನೆಗಳನ್ನು ಬರೆದವಳೂ ಅವಳೇ. ಕಣ್ಣಿಗೆ ಪೊರೆ ಬಂದ ಮೇಲೆ ಆ ಕೆಲಸವನ್ನು ಸಭಾಭವನದ ಸಮಿತಿಗೆ ಒಪ್ಪಿಸಿ, ಈಗ ಐದು ವರ್ಷಗಳಿಂದ ಎಲ್ಲರಂತೆ ಒಂದು ಮೇಜಿನಲ್ಲಿ ಕೂತು ಉತ್ತರ ಬರೆಯುತ್ತಿದ್ದಳು. ವಯಸ್ಸು ಎಪ್ಪತ್ತೈದು. ಮದುವೆಯಾಗಿರಲಿಲ್ಲ. ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಆ ಶನಿವಾರ ಮಧ್ಯಾಹ್ನ ಭವನದಲ್ಲಿ ಸೇರಿದ್ದವರಲ್ಲಿ ಅರ್ಧ ಜನರ ಕಿವಿ ಒಂದಲ್ಲ ಒಂದು ದಿನ ಅವಳ ಕೈಗೆ ಸಿಕ್ಕಿದ್ದವು.

ಕುರಿಮಾಂಸದ ಸಾರು, ಲೀಕ್ ಸೊಪ್ಪು, ರೊಟ್ಟಿ ಎಲ್ಲ ಮುಗಿದಿತ್ತು. ಎಲ್ಲರ ಎದೆಯ ಮೇಲೂ ಹಬ್ಬದ ಗುರುತಾಗಿ ಹಳದಿ ಡ್ಯಾಫೊಡಿಲ್ ಹೂ. ಕೈನ್ವೆನಳ ಪಕ್ಕದಲ್ಲಿ ಕೂತಿದ್ದವಳು ಮೆರೆರಿಡ್, ತೀರಿಹೋದ ಅಣ್ಣ ಈವೊರನ ಮಗಳು. ಅಪ್ಪ ಸತ್ತಾಗ ಅವಳಿಗೆ ಹತ್ತು ವರ್ಷ. ಆಮೇಲೆ ಅವಳನ್ನು ಅರ್ಧ ಸಾಕಿದ್ದು ಈ ಅತ್ತೆಯೇ.

ಮೈಕಿನ ಮುಂದೆ ಹೆಲೆಡ್ ಬೆಬ್ ನಿಂತಿದ್ದಳು. ಸಮಿತಿಯ ಅಧ್ಯಕ್ಷೆ, ಚುರುಕಿನ ಹುಡುಗಿ, ಇವಳೂ ಕೈನ್ವೆನಳ ಶಿಷ್ಯೆಯೇ. ಸಂತ ಡೇವಿಡ್ಡರ ತಾಯಿಯ ಹೆಸರೇನು, ಅವರು ಉಪದೇಶ ಮಾಡುವಾಗ ಕಾಲ ಕೆಳಗಿನ ನೆಲ ಗುಡ್ಡವಾಗಿ ಎದ್ದದ್ದು ಯಾವ ಊರಿನಲ್ಲಿ, ಜೀವನವಿಡೀ ಅವರು ನೀರು ಬಿಟ್ಟು ಏನು ಕುಡಿದರು—

"ಏನೂ ಇಲ್ಲ, ಪಾಪ!" ಎಂದು ಹಿಂದಿನ ಮೇಜಿನಿಂದ ಯಾರೋ ಬಿಯರ್ ಲೋಟ ಎತ್ತಿದರು. ಭವನವೆಲ್ಲ ನಕ್ಕಿತು.

"ಈಗ ನಮ್ಮೂರಿನ ಪ್ರಶ್ನೆಗಳು," ಎಂದಳು ಹೆಲೆಡ್. "ಹದಿನೇಳನೇದು. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಚಪ್ಪಡಿಕಲ್ಲಿನ ಗಣಿ ಕುಸಿದಾಗ, ಒಳಗೆ ಸಿಕ್ಕಿಬಿದ್ದ ಮೂರು ಜನಾನ ಕಾಪಾಡೋಕೆ ಹಗ್ಗ ಕಟ್ಕೊಂಡು ಮೊದಲು ಇಳಿದವರು ಯಾರು? ಗೊತ್ತಿಲ್ದಿದ್ರೆ ಬಾಗಿಲ ಹತ್ರ ನೋಡಿ, ಆದ್ರೆ ಪರದೆ ಎತ್ಬೇಡಿ!"

ಬಾಗಿಲ ಬಳಿ ಗೋಡೆಗೆ ಹೊಸದೊಂದು ಕಲ್ಲಿನ ಫಲಕ ಹಾಕಿ, ಮೇಲೆ ಕೆಂಪು ಬಟ್ಟೆ ಮುಚ್ಚಿದ್ದರು. ಸ್ಪರ್ಧೆ ಮುಗಿದ ಮೇಲೆ ಅದರ ಅನಾವರಣ.

ಮೆರೆರಿಡ್ ಆಗಲೇ "ಟ್ರೆವೊರ್ ಬೆಬ್" ಎಂದು ಬರೆಯಲು ಹೊರಟಿದ್ದಳು. ಕೈನ್ವೆನ್ ಪೆನ್ನು ಕಿತ್ತುಕೊಂಡಳು. ದಪ್ಪ ಅಕ್ಷರಗಳಲ್ಲಿ "ಈವೊರ್ ಪಾರಿ" ಎಂದು ಬರೆದಳು.

"ಅಯ್ಯೋ ಅತ್ತೆ, ಅದು ಅಪ್ಪನ ಹೆಸರು!"

"ಗೊತ್ತು."

"ಕ್ಲಾಸಲ್ಲಿ ಬೆಬ್ ಅಂತ ಹೇಳ್ಕೊಟ್ಟಿದ್ದು ನೀವೇ ಅಲ್ವಾ?"

ಕೈನ್ವೆನ್ ಉತ್ತರದ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಆ ದಿನ ಹಗ್ಗ ಕಟ್ಟಿಕೊಂಡು ಇಳಿದವನು ಈವೊರ್. ಮೂರು ಸಲ ಇಳಿದು ಮೂರು ಜನರನ್ನು ಮೇಲೆ ತಂದ. ಗಣಿಯ ಉಪವ್ಯವಸ್ಥಾಪಕ ಟ್ರೆವೊರ್ ಬೆಬ್ ಇಡೀ ಹೊತ್ತು ಮೇಲೆ ದೀಪ ಹಿಡಿದು ನಿಂತಿದ್ದ. ಪತ್ರಿಕೆಯವರು ಬಂದಾಗ ಮಾತಾಡಿದವನು ಬೆಬ್, ಅಚ್ಚಾದದ್ದು ಬೆಬ್‌ನ ಹೆಸರು. ಈವೊರ್ ಬೂಟು ತೊಳೆದುಕೊಂಡು ಮನೆಗೆ ಹೋದ. ಗಣಿಯವರಿಗೆಲ್ಲ ನಿಜ ಗೊತ್ತಿತ್ತು. ಆದರೆ ಗಣಿ ಮುಚ್ಚಿತು. ಎದೆಗೂಡಿನಲ್ಲಿ ಕಲ್ಲಿನ ಧೂಳು ತುಂಬಿಕೊಂಡ ಆ ಗಂಡಸರು ಒಬ್ಬೊಬ್ಬರಾಗಿ ಹೋದರು.

ಎಂಬತ್ತನಾಲ್ಕರಲ್ಲಿ ಕೈನ್ವೆನ್ ಮೊದಲ ಸಲ ಪ್ರಶ್ನೆಗಳನ್ನು ಬರೆದಾಗ ಈ ಪ್ರಶ್ನೆಯನ್ನು ಬೇಕೆಂದೇ ಸೇರಿಸಿದ್ದಳು, ಅಣ್ಣನ ಹೆಸರು ಒಮ್ಮೆಯಾದರೂ ಜನರ ನಡುವೆ ಕೇಳಲಿ ಎಂದು. ಆಗ ಬೆಬ್ ಶಾಲಾ ಆಡಳಿತ ಮಂಡಳಿಯ ಅಧ್ಯಕ್ಷ. ಮುಖ್ಯೋಪಾಧ್ಯಾಯರ ಹುದ್ದೆ ಖಾಲಿ ಇತ್ತು, ಮುಂದಿನ ವಾರ ಕೈನ್ವೆನಳ ಸಂದರ್ಶನ. ಪ್ರಶ್ನೆಗಳ ಹಾಳೆಯನ್ನು ನೋಡಲು ಬಂದವನು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ್ದ: "ನೋಡಿ ಮಿಸ್ ಪಾರಿ, ಜನ ಸಾವಿರ ಹೇಳ್ತಾರೆ. ಪೇಪರಲ್ಲಿ ಬಂದಿದ್ದು ಬರೆದ್ರೆ ಯಾರಿಗೂ ಜಗಳ ಇರಲ್ಲ." ಬೆದರಿಸಲಿಲ್ಲ. ದನಿ ಕೂಡ ಏರಿಸಲಿಲ್ಲ. ಅವನು ಹೋದ ಮೇಲೆ ಅವಳು ಹೊಸ ಹಾಳೆ ತೆಗೆದುಕೊಂಡು, ಉತ್ತರ ಬದಲಿಸಿ ಬರೆದಳು.

ಆ ಸ್ಪರ್ಧೆಗೆ ಈವೊರನೂ ಬಂದಿದ್ದ. ಮೆಟ್ಟಿಲು ಹತ್ತಲೂ ಉಸಿರು ಸಾಲದ ಕಾಲ ಅದು. ಅವಳು ಉತ್ತರ ಓದಿದಾಗ ಅವನು ತಂಗಿಯನ್ನು ನೋಡಲಿಲ್ಲ. ಮಾರನೆಯ ದಿನ ಚಹಾ ಕುಡಿಯುತ್ತ, "ಹದಿನೇಳನೇದು ನಮಗೆ ಸರಿಯಾಯ್ತು ಕೈನ್. ಬೆಬ್ ಅಂತ್ಲೇ ಬರೆದಿದ್ದೆ," ಎಂದ, ಅಷ್ಟೆ. ಅವಳಿಗೆ ಹುದ್ದೆ ಸಿಕ್ಕಿತು. ಮುಂದಿನ ಚಳಿಗಾಲದಲ್ಲಿ ಅವನು ಸತ್ತ.

ಈಗ ಹೆಲೆಡ್ ಉತ್ತರಗಳನ್ನು ಓದುತ್ತಿದ್ದಳು. "ಹದಿನೇಳು. ನಮ್ಮ ತಾತ, ಟ್ರೆವೊರ್ ಬೆಬ್!" ಚಪ್ಪಾಳೆ ಬಿತ್ತು.

ಕೈನ್ವೆನ್ ಎದ್ದು ನಿಂತಳು. "ತಪ್ಪು."

ಚಪ್ಪಾಳೆ ಚದುರಿ ನಿಂತಿತು.

"ಇಳಿದಿದ್ದು ನಮ್ಮಣ್ಣ ಈವೊರ್. ನಿಮ್ಮ ತಾತ ಮೇಲೆ ನಿಂತಿದ್ರು, ಹೆಲೆಡ್."

ಹೆಲೆಡ್‌ಳ ಮುಖ ಕೆಂಪಾಯಿತು, ಆದರೆ ಅವಳು ಸಿಟ್ಟಾಗಲಿಲ್ಲ. ಚಿಕ್ಕ ಮಗುವನ್ನು ಸಮಾಧಾನ ಮಾಡುವವಳಂತೆ ವೇದಿಕೆಯಿಂದ ಕೆಳಗಿಳಿದು ಬಂದಳು. ಕೈಯಲ್ಲಿ ಹಳದಿಗಟ್ಟಿದ ಹಾಳೆಯೊಂದಿತ್ತು. "ಮಿಸ್, ಈ ಪ್ರಶ್ನೆ ನಿಮ್ದೇ, ಎಂಬತ್ನಾಲ್ಕರದು, ನಂಬರೂ ಅದೇ. ಶಾಲೆಯ ಹಳೇ ಕಪಾಟಲ್ಲಿ ಸಿಕ್ತು. ನೋಡಿ, ನಿಮ್ಮ ಕೈಬರಹ. ಫಲಕಕ್ಕೂ ಇದನ್ನೇ ಆಧಾರ ಅಂತ ಕೊಟ್ವಿ."

"ಬರೆದಿದ್ದು ನಾನೇ. ಸುಳ್ಳು ಬರೆದೆ."

ಯಾರೋ ಕೆಮ್ಮಿದರು. ಹಿಂದಿನಿಂದ, "ಒಂದು ಅಂಕಕ್ಕೆ ಇಷ್ಟು ರಾದ್ಧಾಂತಾನಾ ಟೀಚರ್!" ಎಂಬ ಮಾತು ಬಂತು. ನಗು ಎದ್ದಿತು, ಕೆಟ್ಟ ನಗುವಲ್ಲ, ವಯಸ್ಸಾದವರ ಮೇಲಿನ ಅಕ್ಕರೆಯ ನಗು. ಅದು ಅವಳಿಗೆ ಚೂರಿಯಂತೆ ತಗುಲಿತು.

ಗೋಡೆಯ ಪಕ್ಕದ ಮೇಜಿನಲ್ಲಿ ಇಡ್ವಾಲ್ ಕೂತಿದ್ದ, ಮೂಗಿಗೆ ಆಮ್ಲಜನಕದ ನಳಿಗೆ, ಕಾಲ ಬಳಿ ಸಿಲಿಂಡರು. ಈವೊರ್ ಮೇಲೆ ತಂದ ಮೂವರಲ್ಲಿ ಈಗಲೂ ಬದುಕಿದ್ದವನು ಅವನೊಬ್ಬನೇ. ಗಣಿ ಕುಸಿದಾಗ ಅವನಿಗೆ ಹದಿನೆಂಟು ವರ್ಷ.

"ಇಡ್ವಾಲ್, ನೀನು ಹೇಳು," ಎಂದಳು ಕೈನ್ವೆನ್. "ನಿನ್ನ ಸೊಂಟಕ್ಕೆ ಹಗ್ಗ ಕಟ್ಟಿದ್ದು ಯಾರು?"

ಎಲ್ಲರೂ ಅವನ ಕಡೆ ತಿರುಗಿದರು. ಇಡ್ವಾಲ್ ಮೂಗಿನ ನಳಿಗೆ ಸರಿಮಾಡಿಕೊಂಡ. ಆಮೇಲೆ ಹೆಲೆಡ್ ಕಡೆ ತಿರುಗಿ, "ಹಾಳೇಲಿ ಇರೋದೇ ಸರಿ ಕಣಮ್ಮ. ಮುಂದಿನ ಉತ್ತರ ಓದು," ಎಂದ.

ಕೈನ್ವೆನ್ ಕೂತಳು. ಅವರ ಮೇಜು ಒಂದೇ ಒಂದು ಅಂಕದಿಂದ ಎರಡನೆಯ ಸ್ಥಾನಕ್ಕೆ ಇಳಿಯಿತು. ಬೆಬ್‌ನ ಹೆಸರಿನ ಮೇಲಿನ ಕೆಂಪು ಬಟ್ಟೆ ಸರಿಸುವಾಗ ಎಲ್ಲರೂ ಎದ್ದು ನಾಡಗೀತೆ ಹಾಡಿದರು. ಕೈನ್ವೆನ್ ಹಾಡಲಿಲ್ಲ, ಇಡ್ವಾಲ್‌ನ ಮೇಜಿಗೆ ಹೋಗಿ ಎದುರು ನಿಂತಳು.

"ಬೆಬ್ ಮನೆಯವರಿಗೆ ಹೆದರಿದೆಯಾ?"

"ನನಗಿನ್ನೆಂಥಾ ಹೆದರಿಕೆ? ಸಿಲಿಂಡರ್ ಕಟ್ಕೊಂಡು ಓಡಾಡೋನಿಗೆ." ಉಸಿರು ತೆಗೆದುಕೊಳ್ಳಲು ಅವನು ತಡೆದ. "ಅವತ್ತು ಎಂಬತ್ನಾಲ್ಕರಲ್ಲಿ ನಾನೂ ಈವೊರ್ ಒಂದೇ ಮೇಜಲ್ಲಿದ್ವಿ. ನೀನು ಉತ್ತರ ಓದಿದಾಗ ನಾನು ಎದ್ದೇಬಿಟ್ಟಿದ್ದೆ. ಅವನು ನನ್ನ ಮಣಿಕಟ್ಟು ಹಿಡ್ಕೊಂಡ. 'ಕೂತ್ಕೋ. ಅವಳಿಗೆ ಆ ಕೆಲಸ ಬೇಕು. ಅವಳ ಬಾಯಿಂದ್ಲೇ ಬರ್ಲಿ, ಇಲ್ದಿದ್ರೆ ಬೇಡ. ನೀನು ಮಾತ್ರ ಯಾವತ್ತೂ ಹೇಳ್ಬೇಡ' ಅಂದ. ಮಾತು ಕೊಟ್ಟೆ."

"ಈಗ ನಾನೇ ಹೇಳಿದ್ನಲ್ಲ."

"ಈಗ! ಅವನು ಇನ್ನೂ ಹತ್ತು ತಿಂಗಳು ಬದುಕಿದ್ದ ಕೈನ್. ದಿನಾ ಹೋಗಿ ಗಂಜಿ ಕುಡಿಸ್ತಿದ್ದೆ ನೀನು. ಆಗ ಒಂದು ಸಲ ಹೇಳ್ಬಹುದಿತ್ತು. ನೀನು ನೆಮ್ಮದಿಯಾಗಿ ನಿದ್ದೆ ಮಾಡ್ಲಿ ಅಂತ ಅವನಿಗೆ ಕೊಟ್ಟ ಮಾತು ನಾನು ಮುರಿಯಲ್ಲ." ಅವನು ಮುಖ ತಿರುಗಿಸಿ ಹಾಡಿನ ಕೊನೆಯ ಸಾಲಿಗೆ ತುಟಿ ಆಡಿಸತೊಡಗಿದ.

ಆ ವಾರ ಕೈನ್ವೆನ್ ಜಿಲ್ಲೆಯ ಪತ್ರಿಕೆಗೆ ನಾಲ್ಕು ಪುಟದ ಕಾಗದ ಬರೆದಳು. ಏನನ್ನೂ ಬಚ್ಚಿಡಲಿಲ್ಲ, ಸಂದರ್ಶನ, ಬದಲಿಸಿದ ಹಾಳೆ ಎಲ್ಲವನ್ನೂ ಬರೆದಳು. ಪತ್ರಿಕೆಯವರು ಅದನ್ನು ಹನ್ನೊಂದು ಸಾಲಿಗೆ ಇಳಿಸಿ, 'ಹಳೆಯ ನೆನಪುಗಳು' ಎಂಬ ತಲೆಬರಹದ ಕೆಳಗೆ ಹಾಕಿದರು. ಅಂಗಡಿಯಲ್ಲಿ ಜನ ಅವಳ ಚೀಲ ಎತ್ತಿಕೊಡಲು ಶುರು ಮಾಡಿದರು. ಹೆಲೆಡ್ ಒಂದು ಹಣ್ಣಿನ ರೊಟ್ಟಿ ಮಾಡಿ ತಂದುಕೊಟ್ಟು, "ಯೋಚ್ನೆ ಮಾಡ್ಬೇಡಿ ಮಿಸ್, ಎಲ್ರಿಗೂ ಮರೆವು ಇರತ್ತೆ," ಎಂದು ಕೈ ಒತ್ತಿ ಹೋದಳು.

ಏಪ್ರಿಲ್‌ನಲ್ಲಿ ಮೆರೆರಿಡ್ ಅವಳನ್ನು ಪಟ್ಟಣದ ಮರೆವಿನ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದಳು. ಬೇಡವೆನ್ನಲು ಕೈನ್ವೆನಳಿಗೆ ಮನಸ್ಸಾಗಲಿಲ್ಲ. ಬೇರೆ ಕಡೆಯಿಂದ ಬಂದ ಎಳೆಯ ವೈದ್ಯ ಒಂದೊಂದಾಗಿ ಕೇಳಿದ: ಇವತ್ತು ಯಾವ ವಾರ, ಯಾವ ತಿಂಗಳು, ನೂರರಿಂದ ಏಳೇಳು ಕಳೆಯುತ್ತ ಬನ್ನಿ, ಆಗ ಹೇಳಿದ ಮೂರು ಪದ ಯಾವುವು. ಅವಳು ಒಂದಕ್ಕೂ ತಡವರಿಸಲಿಲ್ಲ.

"ಮೂವತ್ತಕ್ಕೆ ಮೂವತ್ತು!" ವೈದ್ಯ ಖುಷಿಯಿಂದ ಮೆರೆರಿಡ್ ಕಡೆ ನೋಡಿದ. "ನನಗಿಂತ ಚೆನ್ನಾಗಿದೆ ನಿಮ್ಮತ್ತೆ ನೆನಪು. ಗಾಬರಿ ಬೇಡ."

ಕಾರಿನಲ್ಲಿ ಮೆರೆರಿಡ್ ಕೀಲಿ ಹಾಕಿದಳು, ತಿರುಗಿಸಲಿಲ್ಲ. ಗಾಜಿನ ಮೇಲೆ ತುಂತುರು ಬೀಳುತ್ತಿತ್ತು.

"ಹಾಗಾದ್ರೆ ನಿಜಾನೇ," ಎಂದಳು.

"ನಿಜ."

"ನಾನು ಎಂಟನೇ ವಯಸ್ಸಲ್ಲಿ ಒಂದಿನ ಅಪ್ಪನ್ನ ಕೇಳಿದ್ದೆ, ನೀನು ಗಣೀಲಿ ಏನ್ ಮಾಡ್ತಿದ್ದೆ ಅಂತ. 'ಕಲ್ಲು ಒಡೀತಿದ್ದೆ' ಅಂದ. ಆಮೇಲೆ ನಿಮ್ಮ ಕ್ಲಾಸಲ್ಲಿ ಎಲ್ರ ಮುಂದೆ ನಿಂತ್ಕೊಂಡು ಬೆಬ್ ತಾತನ ಬಗ್ಗೆ ಪ್ರಬಂಧ ಓದ್ದೆ. ಅಪ್ಪ ಸತ್ತು ಮೂರು ತಿಂಗ್ಳಾಗಿತ್ತು. ನೀವು ಬಹುಮಾನ ಕೊಟ್ರಿ."

ಆ ಪ್ರಬಂಧ ಕೈನ್ವೆನಳಿಗೂ ನೆನಪಿತ್ತು. ಅದರ ಎರಡು ಕಾಗುಣಿತದ ತಪ್ಪುಗಳನ್ನು ತಾನು ಕೆಂಪು ಶಾಯಿಯಲ್ಲಿ ತಿದ್ದಿದ್ದೂ ನೆನಪಿತ್ತು.

ಮೆರೆರಿಡ್ ಅವಳನ್ನು ಮನೆಯ ಬಾಗಿಲವರೆಗೆ ಬಿಟ್ಟಳು, ಕೈಹಿಡಿದು ಮೆಟ್ಟಿಲು ಹತ್ತಿಸಿದಳು, ಒಳಗೆ ಬರಲಿಲ್ಲ. ಪ್ರತಿ ಭಾನುವಾರ ಊಟಕ್ಕೆ ಬರುತ್ತಿದ್ದವಳು ಆ ವಾರ ಬರಲಿಲ್ಲ. ಕೈನ್ವೆನ್ ಎರಡು ತಟ್ಟೆ ಇಟ್ಟುಕೊಂಡು ಮೂರು ಗಂಟೆಯವರೆಗೆ ಕಾದು, ಮಾಂಸ ಆರಿ ಗಟ್ಟಿಯಾದ ಮೇಲೆ ಒಬ್ಬಳೇ ತಿಂದಳು.