ಐದು ಬೆರಳಿನ ಲೆಕ್ಕ

ಮಳೆಗಾಲ ಇನ್ನೇನು ಕಾಲ್ತೆಗೆಯಬೇಕು ಎನ್ನುವ ದಿನಗಳು. ಬೀದಿದೀಪ ಆರಿರದ ನಸುಕು. ಸೈಕಲ್ ಕಟ್ಟುವವನು ಹಾಸಿಗೆಯಿಂದ ಎದ್ದವನೇ ಮುಖ ಕೂಡ ತೊಳೆಯದೆ ಕೆಳಗಿನ ಕೆಲಸದ ಕೋಣೆಗೆ ಇಳಿದು, ಉಳಿದಿದ್ದ ಒಂದೇ ಒಂದು ಬೆಸುಗೆಗೆ ಬೆಂಕಿ ಹಚ್ಚಿದ. ಹಿತ್ತಾಳೆ ಕರಗಿ ಸಂದಿಯೊಳಗೆ ಇಳಿದು ಆಚೆ ಬದಿಯಲ್ಲಿ ಹಳದಿ ಗೆರೆಯಾಗಿ ಇಣುಕಿತು. ಬೆಂಕಿ ಆರಿಸಿ, ಕನ್ನಡಕ ಹಣೆಗೇರಿಸಿ, ಗೋಡೆಗೆ ಒರಗಿದ. ಊರವರಿಗೆಲ್ಲ ಸೈಕಲ್ ಕಟ್ಟಿಕೊಟ್ಟವನ ಸ್ವಂತ ಸೈಕಲ್ಲಿನ ಚೌಕಟ್ಟು ಕೊನೆಗೂ ಮುಗಿದಿತ್ತು.

ಅವನು ಕಟ್ಟುತ್ತಿದ್ದದ್ದು ಪೇಟೆಗೆ ಹೋಗಿಬರುವ ಸೈಕಲ್ಲಲ್ಲ. ತಿಂಗಳುಗಟ್ಟಲೆ ದಾರಿ ಹಿಡಿದು ಹೋಗುವವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಡೇರೆ, ಹಾಸಿಗೆ, ಒಲೆ, ಬಟ್ಟೆ, ನೀರು ಎಂದು ಒಂದು ಪುಟ್ಟ ಸಂಸಾರವನ್ನೇ ಹೇರಿಕೊಂಡು ಓಡಬೇಕಾದ ಸೈಕಲ್ಲು. ಕೊಳವೆ ದಪ್ಪ ಇರಬೇಕು. ತುಳಿಯುವಾಗ ಹಿಮ್ಮಡಿ ಹಿಂದಿನ ಚೀಲಕ್ಕೆ ತಾಗದಷ್ಟು ಜಾಗ ಬಿಡಬೇಕು. ಮುಂದಿನ ಕ್ಯಾರಿಯರ್ ತಗ್ಗಿನಲ್ಲಿರಬೇಕು, ಭಾರ ನೆಲಕ್ಕೆ ಹತ್ತಿರವಾದಷ್ಟೂ ಹ್ಯಾಂಡಲ್ ಹೇಳಿದ ಮಾತು ಕೇಳುತ್ತದೆ. ಅದೇ ಕೋಣೆಯ ಕಿಟಕಿಯ ಪಕ್ಕ ಹೆಂಡತಿ ಹೊಲಿಗೆ ಯಂತ್ರ ಇಟ್ಟುಕೊಂಡು, ಮೇಣ ಹಿಡಿಸಿದ ಕ್ಯಾನ್ವಾಸಿನಲ್ಲಿ ಚೀಲಗಳನ್ನು ಹೊಲಿಯುತ್ತಿದ್ದಳು. ಚಕ್ರಕ್ಕೆ ಕಡ್ಡಿ ಕಟ್ಟುವ ಕೆಲಸ ಅವಳ ತಮ್ಮನದು. ಆಳೂ ಹಾಗೆಯೇ ಉದ್ದಕ್ಕೆ ಸಣ್ಣಗೆ ಇದ್ದುದರಿಂದ ಊರಿಗೆಲ್ಲ ಅವನು ಕಡ್ಡಿ.

ಆ ಕೋಣೆಯಿಂದ ಸೈಕಲ್ ಹೊರಬೀಳಬೇಕಾದರೆ ಎರಡು ಕಟ್ಟುಪಾಡು. ಕೋಣೆ ಬೀದಿಗಿಂತ ತಗ್ಗಿನಲ್ಲಿತ್ತು, ಮೂರು ಮೆಟ್ಟಿಲು. ಹೋಗುವವರು ತಮ್ಮ ಸಾಮಾನು ತುಂಬಿದ ಸೈಕಲ್ಲನ್ನು ತಾವೇ ಎತ್ತಿ ಆ ಮೂರು ಮೆಟ್ಟಿಲು ಹತ್ತಿಸಬೇಕು, ಯಾರೂ ಕೈ ಹಾಕುವಂತಿಲ್ಲ. ಎತ್ತಲಾಗದಿದ್ದರೆ ಏನಾದರೂ ತೆಗೆದಿಡು. ಎರಡನೆಯದು, ನೀರಿನ ಟ್ಯಾಂಕಿನಿಂದ ಸೇತುವೆಯ ಕಡೆ ಇಳಿಯುವ ರಸ್ತೆಯಲ್ಲಿ ತುಂಬಿದ ಸೈಕಲ್ಲನ್ನು ಓಡಿಸಿ, ಎರಡೂ ಕೈ ಬಿಡಬೇಕು. ಹ್ಯಾಂಡಲ್ ಚಳಿ ಹಿಡಿದ ಹಾಗೆ ನಡುಗಿದರೆ ಸೈಕಲ್ ವಾಪಸು ಕೋಣೆಗೆ.

ಇಷ್ಟು ಜನರನ್ನು ಕಳಿಸಿದವನು ತಾನು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಊರಿನ ಪಕ್ಕ ಹರಿಯುವ ನದಿಯ ಜೊತೆಜೊತೆಗೇ ಹೋಗಿ, ಅದು ಸಮುದ್ರ ಸೇರುವ ಜಾಗದಲ್ಲಿ ಕಾಲು ತೊಳೆದು ಬರಬೇಕೆಂಬುದು ಅವನ ಆಸೆ. ಪ್ರತಿ ವರ್ಷ ಮಳೆ ನಿಂತ ಮೇಲೆ ಕೆಲವು ವಾರ ಗಾಳಿ ಸಮುದ್ರದ ಕಡೆ ಬೀಸುತ್ತದೆ, ಬೆನ್ನಿಗೆ ಕೈಕೊಟ್ಟ ಹಾಗೆ. ಆಮೇಲೆ ತಿರುಗಿ ಎದೆಗೇ ಗುದ್ದುತ್ತದೆ. ಪ್ರತಿ ವರ್ಷ ಆ ವಾರಗಳು ಬಂದು ಹೋಗುತ್ತಿದ್ದವು. ಮೊದಲು ಮಗಳ ಓದು, ಆಮೇಲೆ ಅವಳ ಮದುವೆ, ಆಮೇಲೆ ಬೇರೆಯವರ ಸೈಕಲ್ಲು. ಕಡ್ಡಿ ಅವನಿಗೆ ಬೆನ್ನ ಹಿಂದೆ ‘ನಾಳೆ ಭಾವ’ ಎನ್ನುತ್ತಿದ್ದ, ಈಚೆಗೆ ಮುಖದ ಮುಂದೆಯೂ. ಈ ವರ್ಷ ಅವನ ಬಲ ಮಂಡಿ ಮೆಟ್ಟಿಲು ಹತ್ತುವಾಗ ಕಟಕಟ ಎನ್ನಲು ಶುರುವಾಗಿತ್ತು. ಈ ಗಾಳಿ ತಪ್ಪಿದರೆ ಮುಂದಿನ ಗಾಳಿಗೆ ಮಂಡಿ ಒಪ್ಪುತ್ತದೋ ಇಲ್ಲವೋ. ಅದಕ್ಕೇ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಊಟಕ್ಕೆ ಕೂತರೂ ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು.

“ರೀ, ಆ ಕಾಲು ಸ್ವಲ್ಪ ನಿಲ್ಲಿಸಿ. ಲೋಟದ ನೀರು ತುಳುಕ್ತಾ ಇದೆ,” ಎನ್ನುವಳು ಹೆಂಡತಿ.

ಬಣ್ಣ ಒಣಗಿತು. ಕಡ್ಡಿ ಚಕ್ರ ತಂದ. ಚೀಲ ನಾಲ್ಕೂ ಕೂತವು. ಅವನು ಏದುಸಿರು ಬಿಡುತ್ತ ಮೂರು ಮೆಟ್ಟಿಲು ಹತ್ತಿಸಿ, ಟ್ಯಾಂಕಿನವರೆಗೆ ತುಳಿದುಕೊಂಡು ಹೋದ. ಇಳಿಜಾರು ಮುಟ್ಟುವ ಮೊದಲೇ ಕುತ್ತಿಗೆ ಹಿಡಿದುಕೊಂಡಿತು. ಮಂಡಿ ಎದೆಯ ಹತ್ತಿರ ಬರುತ್ತಿತ್ತು, ಅಂಗೈ ಜೋಮು ಹಿಡಿಯಿತು. ಕೈ ಬಿಟ್ಟ ಕೂಡಲೇ ಮುಂದಿನ ಚಕ್ರ ತಲೆ ಅಲ್ಲಾಡಿಸಿತು.

ಸೀಟು ಎತ್ತರಿಸಿದ. ಹಿಂದಕ್ಕೆ ಸರಿಸಿದ. ಹ್ಯಾಂಡಲ್ ಬದಲಿಸಿದ, ಮತ್ತೆ ಹಳೆಯದನ್ನೇ ಹಾಕಿದ. ಹ್ಯಾಂಡಲ್ಲಿನ ಕತ್ತನ್ನು ಉದ್ದ ಮಾಡಿ ನೋಡಿದ, ಸೈಕಲ್ ಮೂಗಿನ ಮೇಲೆ ಬೀಳಲು ಬಂತು. ಸೀಟಿನ ಚರ್ಮ ಸರಿಯಿಲ್ಲ ಎಂದು ಬೈದ. ಒಂದು ದಿನ ಚೀಲದ ಮೇಲೂ ತಿರುಗಿದ.

“ಚೀಲ ಒಂದು ಕಡೆ ಜಗ್ಗುತ್ತೆ ಕಣೇ.”

“ಜಗ್ಗೋದು ಚೀಲ ಅಲ್ಲ, ನೀವು,” ಎಂದಳು ಹೆಂಡತಿ, ಯಂತ್ರ ತುಳಿಯುವುದನ್ನು ನಿಲ್ಲಿಸದೆ. “ಇಷ್ಟು ಜನ ಹೊತ್ಕೊಂಡು ಹೋದ್ರು, ಯಾರ್ದೂ ಜಗ್ಲಿಲ್ಲ.”

ಕಡ್ಡಿಯನ್ನು ಹತ್ತಿಸಿ ನೋಡಿದ. ಅವನು ನಾಲ್ಕು ಸುತ್ತು ತುಳಿದು ಇಳಿದುಬಿಟ್ಟ. “ಭಾವ, ನನ್ನ ಮಂಡಿ ನನ್ನ ಗದ್ದಕ್ಕೇ ಗುದ್ದುತ್ತೆ. ಇದೇನು ಸೈಕಲ್ಲೋ, ಕುಸ್ತಿ ಪಟ್ಟೋ?”

“ನೀನು ತೆಂಗಿನ ಮರ. ನಿನ್ನ ಮಾತು ಬಿಡು.”

“ಸರಿ, ಹಂಗಾದ್ರೆ ಅಕ್ಕನ್ನ ಹತ್ಸಿ. ಮನೇಲಿ ಬೇರೆ ಯಾರಿದಾರೆ?”

ಅವಳಿಗೆ ಸೈಕಲ್ ಹೊಸದೇನಲ್ಲ. ಹೊಲಿದ ಚೀಲಗಳನ್ನು ಅಂಚೆಗೆ ಹಾಕಲು ಹಳೆಯ ಸೈಕಲ್ಲೊಂದರ ಮೇಲೆ ಹೋಗಿಬರುವವಳು. ಆದರೆ ಅಂಚೆ ಕಚೇರಿಯ ಆಚೆಗೆ ಹೋಗಬೇಕೆಂದು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ. “ದಾರ ಮುಗಿದಿದೆ, ಹೇಗೂ ಆ ಕಡೆ ಹೋಗ್ಬೇಕು,” ಎಂದು ಏಪ್ರನ್ನು ಬಿಚ್ಚಿಟ್ಟು ಬಂದಳು.

ಗಂಡ ಕಡ್ಡಿಯ ಜೊತೆ ಸೇತುವೆಯ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ. ಅವಳು ಟ್ಯಾಂಕಿನ ಕಡೆಯಿಂದ ಇಳಿದು ಬಂದಳು. ಬೆನ್ನು ಹಗುರಾಗಿ ಬಾಗಿತ್ತು, ಮೊಣಕೈ ಸಡಿಲವಾಗಿತ್ತು. ಇಳಿಜಾರಿನ ನಡುವೆ, ಕೂದಲು ಸರಿಪಡಿಸಿಕೊಳ್ಳುವವಳಂತೆ, ಎರಡೂ ಕೈ ತೆಗೆದಳು. ಸೈಕಲ್ಲು ನಾಲ್ಕು ಚೀಲ ಹೊತ್ತು ನೂಲು ಹಿಡಿದ ಹಾಗೆ ನೇರ ಬಂತು, ಅವನ ಮುಂದೆ ಹಾದು ಸೇತುವೆ ಏರಿತು. ಅವಳು ನಿಲ್ಲಿಸಲಿಲ್ಲ.

“ಭಾವ,” ಎಂದ ಕಡ್ಡಿ, “ಅಕ್ಕನ ಅಳತೆ ತೆಗೆದು ಕಟ್ಟಿದ ಹಾಗಿದೆಯಲ್ಲ?”

ಕಟ್ಟೆಯಿಂದ ಇಳಿಯುತ್ತಿದ್ದವನಿಗೆ ಆಗ ಹೊಳೆಯಿತು. ಗಿರಾಕಿ ಬಂದರೆ ಗಿರಾಕಿಯನ್ನೇ ಸೀಟು, ಹ್ಯಾಂಡಲ್ ಸರಿಸಿ ಅಳತೆ ನೋಡುವ ಕಟ್ಟುಮಣೆಯ ಮೇಲೆ ಕೂರಿಸಿ, ಕೋಣೆಯ ಆ ಮೂಲೆಗೆ ಹೋಗಿ ನಿಂತು, ಬೆನ್ನು ತೋಳು ನೋಡಿ ಕೊಳವೆ ಗುರುತು ಮಾಡುವುದು ಅವನ ಕ್ರಮ. ಟೇಪಿಗಿಂತ ಕಣ್ಣನ್ನೇ ಹೆಚ್ಚು ನಂಬಿದವನು. ತನ್ನ ಸೈಕಲ್ಲಿನ ವಿಷಯ ಬಂದಾಗ ತಾನೇ ಕೂತು ತಾನೇ ದೂರದಿಂದ ನೋಡುವುದು ಹೇಗೆ? “ಇವಳೇ, ನನ್ನ ಬದಲು ಸ್ವಲ್ಪ ಕೂತ್ಕೋ. ನಾನು ನಿನಗಿಂತ ಉದ್ದ, ಐದು ಬೆರಳು ಸೇರಿಸ್ಕೊಳ್ತೀನಿ,” ಎಂದು ಹೆಂಡತಿಯನ್ನು ಕೂರಿಸಿದ್ದ. ಸೇರಿಸಿಯೂ ಇದ್ದ. ಆದರೆ ಕೆಲಸ ಎಳೆದು ಎಳೆದು ವರ್ಷಗಳು ಹೋದವು. ಪ್ರತಿ ಸಲ ಹೊಸದಾಗಿ ಕೊಳವೆ ಜೋಡಿಸುವಾಗ ಅವಳೇ ಕೂರುವಳು, ಪ್ರತಿ ಸಲ ಕಣ್ಣಿಗೆ ಅವಳ ತೋಳು ಚೂರು ಎಳೆದ ಹಾಗೆ ಕಾಣುವುದು, ಅವನು ಸರಿಮಾಡಲು ಒಂದೆಳೆ ಅರ ಹಾಕುವನು. ಹೀಗೆ ಅರ ಹಾಕುತ್ತ ಹಾಕುತ್ತ ಆ ಐದು ಬೆರಳನ್ನೂ ತಿಂದುಬಿಟ್ಟಿದ್ದ. ಅವನಿಗಾಗಲಿ ಅವಳಿಗಾಗಲಿ ಗೊತ್ತಾಗಿರಲಿಲ್ಲ.

ಅವಳು ಬಂದಾಗ ಬಿಸಿಲು ಇಳಿದಿತ್ತು. ದಾರ ತಂದಿರಲಿಲ್ಲ.

“ಎಲ್ಲಿಗೆ ಹೋಗಿದ್ದೆ?”

“ಇಟ್ಟಿಗೆ ಗೂಡಿನವರೆಗೂ.”

“ಅಷ್ಟು ದೂರ? ಯಾಕೆ?”

“ಯಾಕೆ ಅಂದ್ರೆ... ನಿಲ್ಲಿಸೋಕೆ ಮನಸ್ಸಾಗ್ಲಿಲ್ಲ.” ಅವಳು ಹ್ಯಾಂಡಲ್ ಇನ್ನೂ ಹಿಡಿದೇ ಇದ್ದಳು. “ಅಲ್ಲಿ ನದಿ ಎಡಕ್ಕೆ ತಿರುಗುತ್ತೆ ಕಣ್ರೀ. ಆಮೇಲೆ ಎಲ್ಲಿಗೆ ಹೋಗುತ್ತೋ ಕಾಣ್ಸಲ್ಲ.”

ಆವತ್ತಿನಿಂದ ಮನೆಯಲ್ಲಿ ಇಬ್ಬರಿಗೂ ನೆಲೆಯಿಲ್ಲ. ಅವನು ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುವನು. ಅವಳು ಹೊಲಿಗೆಗೆ ಕೂತರೆ ಬಟ್ಟೆಯೇ ಇಲ್ಲದೆ ಬರೀ ಯಂತ್ರ ತುಳಿಯುವಳು, ಕಣ್ಣು ಕಿಟಕಿಯಾಚೆ. ಕಡ್ಡಿ ನಕ್ಕ. “ಅಕ್ಕಾ, ನೀನು ಕೂತಲ್ಲೇ ಇಷ್ಟು ವರ್ಷ ತುಳಿದಿದ್ದನ್ನ ರಸ್ತೆಗೆ ಹಾಕಿದ್ರೆ ಸಮುದ್ರಕ್ಕೆ ಹೋಗಿ ಬಂದು, ಮತ್ತೆ ಹೋಗ್ಬಹುದಿತ್ತು.” ಅವಳು ನಗಲಿಲ್ಲ.

ಹೊರಗೆ ಗಾಳಿ ಸಮುದ್ರದ ಕಡೆ ಬೀಸಲು ಶುರುವಾಗಿತ್ತು. ಅಂಗಳದ ಹಗ್ಗದ ಮೇಲಿನ ಬಟ್ಟೆಗಳೆಲ್ಲ ಒಂದೇ ಕಡೆಗೆ ಹಾರುತ್ತಿದ್ದವು.

ಒಂದು ಮಧ್ಯಾಹ್ನ ಅವನು ಸೈಕಲ್ಲನ್ನು ಬಿಚ್ಚಿ ಚೌಕಟ್ಟನ್ನು ಮೇಜಿನ ಕಬ್ಬಿಣದ ಹಿಡಿತಕ್ಕೆ ಬಿಗಿದ. ಗರಗಸ ತೆಗೆದ. ಮೇಲಿನ ಕೊಳವೆ ಕೊಯ್ದು, ನಡುವೆ ತುಂಡು ಸೇರಿಸುವ ಯೋಚನೆ. ಬ್ಲೇಡಿನ ಒಂದು ಎಳೆತಕ್ಕೆ ಬಣ್ಣ ಕಿತ್ತು ಲೋಹ ಬೆಳ್ಳಗೆ ಕಂಡಿತು. ಯಂತ್ರದ ಸದ್ದು ನಿಂತಿತು.

“ಕೊಯ್ದು ಹಾಕ್ತೀರಾ?”

“ಆಗ್ದೆ ಇರೋದನ್ನ ಇಟ್ಕೊಂಡು ಏನ್ಮಾಡ್ಲಿ?”

“ನನಗೆ ಆಗುತ್ತಲ್ಲ.”

ಅವನು ತಿರುಗಿ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ.

“ನಿನಗಾ? ನೀನು ಎಲ್ಲಿಗೆ ಹೋಗ್ತೀಯ?”

“ನೀವು ಎಲ್ಲಿಗೆ ಹೊರಟಿದ್ರೋ ಅಲ್ಲಿಗೆ.”

“ಅದು ನಾನು ಹೋಗ್ಬೇಕು ಅಂತಿದ್ದ ದಾರಿ ಕಣೇ!” ಅವನು ಕೊಳವೆಯ ಮೇಲೆ ಅಂಗೈ ಬಡಿದ. “ಮದುವೆಗೆ ಮುಂಚಿಂದ ಅಂದ್ಕೊಂಡಿರೋದು. ನಿನಗೆ ಅದು ನೆನಪಾಗಿದ್ದು ಮೊನ್ನೆ.”

“ಹೌದು, ಮೊನ್ನೆನೇ. ಏನೀಗ?” ಅವಳು ಎದ್ದು ಬಂದಳು. “ಕೊಯ್ದು, ಬೆಸೆದು, ಬಣ್ಣ ಬಳಿಯೋ ಹೊತ್ತಿಗೆ ಗಾಳಿ ತಿರುಗಿರುತ್ತೆ. ನೀವೂ ಹೋಗಿರಲ್ಲ, ನಾನೂ ಹೋಗಿರಲ್ಲ, ಇದ್ದ ಒಂದು ಸೈಕಲ್ಲೂ ತೇಪೆ ಬಿದ್ದಿರುತ್ತೆ.”

“ಮುಂದಿನ ವರ್ಷ ಇಬ್ರೂ ಹೋಗೋಣ. ಇನ್ನೊಂದು ಕಟ್ತೀನಿ.”

“ನಾಳೆ ಭಾವ,” ಎಂದಳು ಅವಳು.

ಆ ಹೆಸರನ್ನು ಅವಳು ಒಮ್ಮೆಯೂ ಹೇಳಿರಲಿಲ್ಲ. ಅವನು ಗರಗಸ ಹಿಡಿದೇ ನಿಂತ. ಆ ಗೆರೆಯ ಮೇಲೆ ಇನ್ನು ನಾಲ್ಕೈದು ಎಳೆತ ಎಳೆದರೆ ಸಾಕಿತ್ತು, ಆಮೇಲೆ ಯಾರಿಗೂ ಜಗಳವಿರುವುದಿಲ್ಲ. ಅವಳು ತಡೆಯಲು ಕೈ ಚಾಚಲಿಲ್ಲ. ಕೊಳವೆಯ ಮೇಲಿನ ಗಾಯವನ್ನೇ ನೋಡುತ್ತಿದ್ದಳು. ಸೇತುವೆಯ ಕಟ್ಟೆಯಿಂದ ಕಂಡದ್ದು ಅವನ ಕಣ್ಣಿಗೆ ಮತ್ತೆ ಬಂತು. ಆ ನೇರ ಓಟ, ಆ ಸಡಿಲ ಕೈ. ತಾನು ಕಟ್ಟಿದ್ದರಲ್ಲೆಲ್ಲ ಅಷ್ಟು ಚೆನ್ನಾಗಿ ಇಳಿದ ಸೈಕಲ್ಲು ಇನ್ನೊಂದಿರಲಿಲ್ಲ. ಅದು ಹೊಟ್ಟೆ ಉರಿಸುತ್ತಿತ್ತು, ಆದರೆ ನಿಜವಾಗಿತ್ತು.

ಗರಗಸವನ್ನು ಮೊಳೆಗೆ ತೂಗುಹಾಕಿದ. ಚೌಕಟ್ಟನ್ನು ಹಿಡಿತದಿಂದ ಬಿಚ್ಚಿ, ಚಕ್ರ ಹಾಕಿ, ಸೀಟನ್ನು ಅವಳ ಎತ್ತರಕ್ಕೆ ಇಳಿಸತೊಡಗಿದ. ಅವಳು ಹೋಗಿ ಸ್ಪ್ಯಾನರ್ ತಂದು ಕೈಗಿಟ್ಟಳು.

ಸೈಕಲ್ ಗೋಡೆಗೆ ಒರಗಿಸಿದ ಮೇಲೆ ಅವಳು ಹೊಲಿಗೆ ಮೇಜಿನಿಂದ ಟೇಪು, ಗುರುತಿನ ಸೀಮೆಸುಣ್ಣ ಎತ್ತಿಕೊಂಡಳು. “ಈಗ ನೀವು ಕೂತ್ಕೊಳ್ಳಿ.”

“ಎಲ್ಲಿ?”

“ಕಟ್ಟುಮಣೆ ಮೇಲೆ. ನಾನು ಆ ಮೂಲೆಯಿಂದ ನೋಡ್ತೀನಿ. ಬೆನ್ನು ಬಗ್ಗಿಸಿ. ಅಷ್ಟಲ್ಲ. ಹೊಟ್ಟೆ ಒಳಗೆಳ್ಕೋಬೇಡಿ, ಯಾರನ್ನ ಮೆಚ್ಚಿಸ್ಬೇಕು? ಇರೋ ಹಾಗೆ ಇರಿ.”

ಅವಳು ಹತ್ತಿರ ಬಂದು ಟೇಪು ಹಿಡಿಯುವ ಮೊದಲೇ ಅವನ ತೋಳಿನ ಉದ್ದವನ್ನು ಬಾಯಲ್ಲೇ ಹೇಳಿದಳು. ಆಮೇಲೆ ಟೇಪು ಹಿಡಿದಳು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

“ನಿನಗೆ ಹೇಗೆ ಗೊತ್ತು?”

“ನಿಮ್ಮ ಅಂಗಿ ಹೊಲಿಯೋರು ಯಾರು?”

“ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ನೀವು ಕೇಳಿದ್ರಾ? ಕೂತ್ಕೋ ಅಂದ್ರಿ, ಕೂತೆ.”

ಮೂಲೆಯಲ್ಲಿ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ ಕಡ್ಡಿ ಎಣ್ಣೆಡಬ್ಬಿ ಕೆಳಗಿಟ್ಟು, ಬಾಯಿಗೆ ಅಂಗಿಯ ತೋಳು ಅಡ್ಡ ಹಿಡಿದು ನಕ್ಕ. ಭಾವನಿಗೂ ನಗು ಬಂತು, ತಡೆಯಲು ನೋಡಿದ, ಆಗಲಿಲ್ಲ. ಅವಳು ಅವನ ಸೈಕಲ್ಲಿಗೆಂದು ತೆಗೆದ ಹೊಸ ಕೊಳವೆಯ ಮೇಲೆ ಬಿಳಿ ಗೆರೆ ಎಳೆದಳು. “ಇಲ್ಲಿ ಕೊಯ್ಯಿರಿ. ಅರ ಹಾಕಿದ್ರೆ ನೋಡಿ ಮತ್ತೆ.”

ಆದರೆ ಅವಳು ಹೊರಡುವ ಬೆಳಿಗ್ಗೆ ನಗು ಯಾರಿಗೂ ಬರಲಿಲ್ಲ. ಅವನು ಚೀಲಗಳಲ್ಲಿ ತನಗೆ ತೋಚಿದ್ದನ್ನೆಲ್ಲ ತುರುಕಿದ್ದ. ಮಡಚಿದ ಟಯರು ಒಂದಲ್ಲ, ಎರಡು. ಚೈನು ತುಂಡು ಮಾಡುವ ಸಾಧನ, ಬ್ರೇಕಿನ ತಂತಿ, ಚಕ್ರದ ಬಿಡಿ ಕಡ್ಡಿಗಳ ಕಟ್ಟು, ಒಂದು ಮೊಳದ ಸ್ಪ್ಯಾನರು. ಅವಳು ಸೈಕಲ್ಲನ್ನು ಎತ್ತಿದಳು. ಮೊದಲ ಮೆಟ್ಟಿಲು ಹತ್ತಿತು. ಎರಡನೆಯದರಲ್ಲಿ ಹಿಂದಿನ ಚಕ್ರ ಮತ್ತೆ ಕೆಳಗೆ ಕೂತಿತು. ಅವನ ಕೈ ತಾನಾಗಿ ಮುಂದೆ ಹೋಯಿತು.

ಕಡ್ಡಿ ಆ ಕೈ ಹಿಡಿದುಕೊಂಡ. “ಭಾವ. ಕಟ್ಟುಪಾಡು ಮಾಡಿದ್ದು ಯಾರು?”

ಅವಳು ಸೈಕಲ್ ಇಳಿಸಿ, ಚೀಲ ಬಿಚ್ಚಿ, ಎರಡನೇ ಟಯರನ್ನೂ ಮೊಳದ ಸ್ಪ್ಯಾನರನ್ನೂ ತೆಗೆದು ಅವನ ಎದೆಗೆ ಒತ್ತಿ ಹಿಡಿಸಿದಳು. ತೋಳಿನಿಂದ ಮುಖ ಒರೆಸಿಕೊಂಡು, ಮತ್ತೆ ಎತ್ತಿ, ನಿಲ್ಲದೆ ಮೂರೂ ಹತ್ತಿದಳು. ಕೊಳವೆಯ ಮೇಲಿನ ಗರಗಸದ ಗಾಯಕ್ಕೆ ಅವಳು ಕ್ಯಾನ್ವಾಸಿನ ಪಟ್ಟಿಯೊಂದನ್ನು ಸುತ್ತಿ ಹೊಲಿದಿದ್ದನ್ನು ಅವನು ಬೀದಿಯ ಬೆಳಕಿನಲ್ಲಿ ಆಗ ನೋಡಿದ.

ಏನೇನೋ ಹೇಳಬೇಕೆಂದಿದ್ದ. ಬಾಯಿಗೆ ಬಂದದ್ದು, “ಚೈನಿಗೆ ಎಣ್ಣೆ ಬಿಡೋದು ಮರೀಬೇಡ.”

“ನೀವು ಗೆರೆ ಮೇಲೇ ಕೊಯ್ಯಿರಿ. ಸಮುದ್ರದ ಹತ್ರ ಕಾಯ್ತೀನಿ, ಆದರೆ ಬಹಳ ದಿನ ಕಾಯಲ್ಲ,” ಎಂದು ಪೆಡಲಿನ ಮೇಲೆ ಕಾಲಿಟ್ಟಳು.

ಟ್ಯಾಂಕಿನ ಇಳಿಜಾರಿನಲ್ಲಿ ಅವಳು ಕೈ ಬಿಟ್ಟಳೋ ಇಲ್ಲವೋ ಅವನು ನೋಡಲಿಲ್ಲ. ಎದೆಗೆ ಒತ್ತಿಕೊಂಡಿದ್ದ ಟಯರನ್ನು ಕಡ್ಡಿಯ ಕೈಗೆ ಹಾಕಿ, ಮೂರು ಮೆಟ್ಟಿಲು ಇಳಿದು, ಗರಗಸ ತೆಗೆದುಕೊಂಡು, ಬಿಳಿ ಗೆರೆಯ ಮೇಲೆ ಹಲ್ಲು ಊರಿದ. ಕೋಣೆಯ ತುಂಬ ಲೋಹ ಕೊಯ್ಯುವ ಸದ್ದು. ಹೊರಗೆ ಗಾಳಿ ಇನ್ನೂ ಸಮುದ್ರದ ಕಡೆಗೇ ಬೀಸುತ್ತಿತ್ತು.