ಒಣಬಂದರು

"ಯಾವ ಬೋಳಿಮಗ ಹೇಳಿದ್ನೇ ನಿಂಗೆ, ಇದು ಇನ್ನೂ ನಿಮ್ಮ ಗೋಮಾಳ ಅಂತ? ಬೇಲಿ ಕಾಣಾಕಿಲ್ವಾ? ಕಣ್ಣಿಗೇನ್ ಕುರಿಹಿಕ್ಕೆ ಮೆತ್ಕಂಡಿದ್ದೀಯಾ?"

ಗೇಟಿನ ಸರಪಳಿಗೆ ಬೀಗ ಜಡಿಯುತ್ತಲೇ ಲೋಕೇಶ ಕೂಗಾಡುತ್ತಿದ್ದ. ತಿಮ್ಮಮ್ಮ ಗೇಟಿನ ಹೊರಗೆ ನಿಂತಿದ್ದಳು. ಆಗಷ್ಟೇ ಈದ ಕುರಿಯೊಂದು ಅವಳ ಕಾಲಿಗೆ ಮೈ ತಿಕ್ಕುತ್ತ ಒರಲುತ್ತಿತ್ತು. ಅದರ ಮರಿ ಇನ್ನೂ ಒದ್ದೆ ಮೈಯಲ್ಲೇ ಅವಳ ಸೆರಗಿನೊಳಗೆ ನಡುಗುತ್ತಿತ್ತು.

"ತಪ್ಪಾಯ್ತು ಕಣಪ್ಪ. ಇದು ಪೊದೆ ಮರೇಲಿ ಈಯಾಕೆ ಮಲಿಕ್ಕಂಡ್ತು. ಮರಿ ಕಾಲು ಅಡ್ಡ ಬಂದಿತ್ತು, ಬುಟ್ ಬರಂಗಿರ್ಲಿಲ್ಲ. ಅಷ್ಟ್ರಲ್ಲಿ ಮಿಕ್ಕವು ನೀರಿನ ವಾಸ್ನೆ ಹಿಡ್ದು ಒಳಕ್ ನುಗ್ಗವೆ. ಎಲ್ಲವೆ ಹೇಳಪ್ಪ, ಹೊಡ್ಕಂಡ್ ಓಯ್ತೀನಿ."

"ದೊಡ್ಡಿಗ್ ಹಾಕಿದ್ದೀನಿ. ದೊಡ್ಡ ಸಾಹೇಬ್ರು ಬಂದ್ ಹೋಗ್ಲಿ, ಆಮೇಲ್ ಬಾ."

"ಇಲ್ಲೆಲ್ಲೈತಪ್ಪ ದೊಡ್ಡಿ?"

ಲೋಕೇಶ ಬೀಗದ ಕೈ ಜೇಬಿಗೆ ಹಾಕಿಕೊಂಡು ಫೋನು ಕಿವಿಗಿಟ್ಟುಕೊಂಡ.

ಅವನು ಹೊರಗಿನವನೇನಲ್ಲ. ತಿಮ್ಮಮ್ಮನ ಊರು ಸೋಲೂರಿನ ಪಕ್ಕದಲ್ಲೇ ಅವನಪ್ಪನ ಹೊಲ. ತಿಮ್ಮಮ್ಮನ ಗಂಡ ಮಾಯಣ್ಣ ಬದುಕಿದ್ದಾಗ ಬೇಸಿಗೆ ಬಂತೆಂದರೆ ಆ ಹೊಲದಲ್ಲಿ ಕುರಿಮಂದೆ ತರುಬುತ್ತಿದ್ದ. ಕುರಿಗೊಬ್ಬರ ಬಿದ್ದ ಆ ನೆಲದ ರಾಗಿಯನ್ನು ಜನ ದಾರಿಯಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಚಡ್ಡಿ ಹಾಕಿಕೊಂಡು ಮರಿಗಳ ಹಿಂದೆ ಓಡುತ್ತಿದ್ದ ಹುಡುಗನೇ ಈಗ ಬಂದರಿನ ಕೂಲಿಯಾಳುಗಳ ಗುತ್ತಿಗೆದಾರನಾಗಿದ್ದ.

ಬಂದರು ಎಂದಾಗ ಊರಿನವರು ಮೊದಲು ನಕ್ಕಿದ್ದರು. ಕೆರೆಗೇ ನೀರಿಲ್ಲದ ಊರಿಗೆ ಹಡಗು ಎಲ್ಲಿಂದ ಬಂದೀತು ಎಂದಿದ್ದರು. ರೈಲು ಹಳಿಯ ಪಕ್ಕದ ಗೋಮಾಳವನ್ನು ಅಳೆದು ಕಲ್ಲು ನೆಟ್ಟವರು ಶಾಲೆಯ ಅಂಗಳದಲ್ಲಿ ಸಭೆ ಕರೆದು ಬಿಡಿಸಿ ಹೇಳಿದರು. ಇದು ಒಣಬಂದರು. ಕಡಲ ದಡದಲ್ಲಿ ಬಂದರುಗಳು ಬೆಳೆಯುತ್ತಿವೆ. ಕಾರ್ಖಾನೆಗಳ ಮಾಲನ್ನೆಲ್ಲ ಇಲ್ಲೇ ಕಬ್ಬಿಣದ ಡಬ್ಬಗಳಿಗೆ ತುಂಬಿ ಮೊಹರು ಹಾಕಿದರೆ ರೈಲು ಅದನ್ನು ಸೀದಾ ಹಡಗಿನ ಬುಡಕ್ಕೆ ಒಯ್ಯುತ್ತದೆ. ರಾಗಿ, ಕುರಿ ನಂಬಿಕೊಂಡು ದೇಶ ಇನ್ನೆಷ್ಟು ದಿನ ಕೂತಿರಬೇಕು ಎಂದು ಅಧಿಕಾರಿ ಕೇಳಿದ್ದ.

ಆಗ ಎದ್ದು ನಿಂತವಳು ತಿಮ್ಮಮ್ಮ. "ಸಾಮಿ, ಗೋಮಾಳದೊಳ್ಗೆ ನಮ್ ಕಟ್ಟೆ ಐತೆ. ಕುರಿ ನೀರ್ಗೆ ಎಲ್ಲಿಗ್ ಓಗ್ಬೇಕು?"

"ಬಾಟಲಿ ನೀರು ತರಿಸೋಣ ಬಿಡಮ್ಮ, ಅವಕ್ಕೂ," ಎಂದಿದ್ದ ಅಧಿಕಾರಿ. ವೇದಿಕೆಯ ಮೇಲಿದ್ದವರೆಲ್ಲ ನಕ್ಕರು. ಕಟ್ಟೆಗೆ ದಾರಿ ಬಿಡುತ್ತೇವೆಂದು ಆಮೇಲೆ ಮಾತೇನೋ ಕೊಟ್ಟರು. ಬೇಲಿ ಬಂತು, ದಾರಿ ಬರಲಿಲ್ಲ. ತಿಮ್ಮಮ್ಮನ ಮಗಳು ನಯನಳಿಗೆ ಮಾತ್ರ ಖಾಲಿ ಡಬ್ಬಗಳನ್ನು ಗುಡಿಸುವ ಕೆಲಸ ಸಿಕ್ಕಿತು.

ಆ ನಯನಳೇ ಈಗ ಬೇಲಿಯ ಒಳಗಿನಿಂದ ಓಡಿಬಂದಳು. ಕೆಲಸದವರಿಗೆ ಕೊಡುವ ಕಿತ್ತಳೆ ಜಾಕೆಟ್ಟು ಬೆವರಿಗೆ ಬೆನ್ನಿಗಂಟಿತ್ತು.

"ಅವ್ವ, ಕುರೀನೆಲ್ಲ ಡಬ್ಬದೊಳಕ್ ಕೂಡವ್ನೆ!"

"ಯಾವ ಡಬ್ಬ ಮಗಾ?"

"ಅಗೋ, ಆ ಕೆಂಪು ಕಂಟೇನರು. ಬಾಗ್ಲು ಜಡ್ದವ್ನೆ. ಗಾಳಿ ಆಡಾಕೂ ಸಂದಿಲ್ಲ ಕಣವ್ವ ಅದ್ರಲ್ಲಿ. ಒಳ್ಗೆ ನಿಂತು ಗುಡಿಸಾವಾಗ ನಂಗೇ ಉಸ್ರು ಕಟ್ತದೆ, ಬಾಗ್ಲು ತೆಗ್ದಿದ್ರೂವೆ!"

ತಿಮ್ಮಮ್ಮ ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಕ್ರೇನಿನ ಗದ್ದಲದ ನಡುವೆ ಇನ್ನೊಂದು ಸದ್ದಿತ್ತು. ಕಬ್ಬಿಣದ ಮೇಲೆ ಗೊರಸುಗಳು ಬಡಿಯುವ ಸದ್ದು. ತಲೆಯ ಮೇಲೆ ಬಿಸಿಲು ಕೆಂಡದಂತೆ ಸುರಿಯುತ್ತಿತ್ತು. ಗೇಟಿನ ಕಂಬಿಯನ್ನೇ ಮುಟ್ಟಲಾಗುತ್ತಿರಲಿಲ್ಲ.

"ಲೋಕೇಸಪ್ಪ, ನಿನ್ ಕಾಲಿಗ್ ಬೀಳ್ತೀನಿ! ಬಾಗ್ಲು ತಗ್ಸು! ಸತ್ತೋಯ್ತವೆ ಕಣಪ್ಪ!"

"ಬಾಯ್ಮುಚ್ಚು. ಸಾಹೇಬ್ರ ಕಾರು ಬತ್ತಾ ಐತೆ. ಅವ್ರ ಮುಂದೆ ಕುರಿ ಅಡ್ಡಾಡ್ಕಂಡಿದ್ರೆ ನನ್ ಗುತ್ತಿಗೆ ಗೋವಿಂದ. ಒಸಿ ಹೊತ್ತಲ್ವಾ? ಏನೂ ಆಗಾಕಿಲ್ಲ." ಅವನು ನಯನಳ ಕಡೆ ತಿರುಗಿದ. "ಏಯ್, ನಿಂಗೇನೇ ಇಲ್ಲಿ ಕೆಲ್ಸ? ನಿಮ್ಮವ್ವ ಒಂದ್ ಮಾತಾಡಿದ್ರೂ ನಾಳೆಯಿಂದ ನೀನೂ ಬರ್ಬೇಡ. ತಿಳೀತಾ?"

ಕಾರುಗಳು ಬಂದವು. ಕರಾವಳಿಯ ದೊಡ್ಡ ಬಂದರಿನಿಂದ ಬಂದ ಸಾಹೇಬರು ಇಳಿದರು. ಗೇಟು ತೆರೆದಾಗ ತಿಮ್ಮಮ್ಮ ಮರಿಯನ್ನು ನೆರಳಲ್ಲಿ ತಾಯಿಯ ಪಕ್ಕ ಇಳಿಸಿ, ಕಾರುಗಳ ಹಿಂದೆ ಒಳಗೆ ಸೇರಿಕೊಂಡಳು. ಲೋಕೇಶ ಅವಳ ರಟ್ಟೆ ಹಿಡಿದು ಟ್ರೈಲರಿನ ಮರೆಗೆ ನೂಕಿ ಹಲ್ಲು ಕಚ್ಚಿಕೊಂಡೇ ಗದರಿದ.

"ಉಸಿರೆತ್ತಿದ್ರೆ ಹುಷಾರ್, ಲೌಡಿ!"

ತಿಮ್ಮಮ್ಮ ಉಸಿರೆತ್ತಲಿಲ್ಲ. ಬೇಗ ನೋಡಿ ಬೇಗ ಹೋಗಿಬಿಡಲಿ ಎಂದುಕೊಂಡಳು. ಮಗಳ ಕೆಲಸವೂ ಉಳಿಯಲಿ, ಕುರಿಗಳೂ ಉಳಿಯಲಿ. ಸಾಹೇಬರಿಗೆ ಹಾರ ಹಾಕಿದರು, ಎಳನೀರು ಕೊಟ್ಟರು. ಸಾಹೇಬರು ಕೈ ಚಾಚಿ ಕ್ರೇನು ತೋರಿಸಿದರು, ಹಳಿ ತೋರಿಸಿದರು, ಒಂದೇ ಬೆಳೆ ನಂಬಿದ ರೈತನೂ ಒಂದೇ ವ್ಯಾಪಾರ ನಂಬಿದ ದೇಶವೂ ಉದ್ಧಾರವಾಗುವುದಿಲ್ಲ ಎಂದರು. ಜೊತೆಗಿದ್ದವರು ತಲೆದೂಗಿದರು. ತಿಮ್ಮಮ್ಮನಿಗೆ ಅವರ ಮಾತು ಕೇಳಿಸಿದರೂ ಕಿವಿಯೆಲ್ಲ ಕೆಂಪು ಡಬ್ಬದ ಕಡೆಗೇ ಇತ್ತು. ಬಡಿತ ವಿರಳವಾಯಿತು. ಒಂದೆರಡು ಗೊರಸು ಮಾತ್ರ ಬಡಿದವು. ಆಮೇಲೆ ಅವೂ ಇಲ್ಲ.

ಕುರಿಗಳು ಗದ್ದಲ ಮಾಡುವವರೆಗೆ ಅವಳಿಗೆ ಧೈರ್ಯವಿತ್ತು. ಆ ಮೌನ ಕೇಳಿಸಿದ ಮೇಲೆ ಅವಳ ಹೊಟ್ಟೆಯೊಳಗಿಂದ ಎದ್ದ ಕೂಗು ತನ್ನದೇ ಎಂದು ಅವಳಿಗೇ ಗೊತ್ತಾಗಲಿಲ್ಲ.

"ಅಯ್ಯಯ್ಯೋ! ಕೊಂದ್ಬುಟ್ನಲ್ಲಪ್ಪೋ! ನನ್ ಮಂದೇನೆಲ್ಲ ಕೊಂದ್ಬುಟ್ನಲ್ಲೋ ಸೂಳೆಮಗ!"

ಎಲ್ಲರೂ ತಿರುಗಿ ನೋಡಿದರು.

"ಯಾರಿವಳು?" ಎಂದರು ಸಾಹೇಬರು.

"ತಲೆ ಸರಿಯಿಲ್ಲ ಸರ್, ಪಾಪ. ಗಂಡ ಸತ್ತ ಮೇಲೆ ಹಿಂಗೆ," ಎಂದ ಲೋಕೇಶ.

"ಆ ಡಬ್ಬ ತೋರಿಸ್ತಾ ಇದ್ದಾಳಲ್ಲ. ಏನಿದೆ ಅದರಲ್ಲಿ?"

"ಖಾಲಿ ಸರ್."

ಅಷ್ಟರಲ್ಲಿ ನಯನ ಡಬ್ಬದ ಹತ್ತಿರ ಹೋಗಿಯಾಗಿತ್ತು. ಬಾಗಿಲು ಬಿಗಿದಿದ್ದ ಕಾದ ಸರಳಿಗೆ ದುಪಟ್ಟಾ ಸುತ್ತಿ ಮೇಲಕ್ಕೆತ್ತಿ ಎಳೆದಳು. "ಮುಟ್ಬೇಡ!" ಎಂದು ಲೋಕೇಶ ಓಡಿದ. ಅವನು ತಲುಪುವುದರೊಳಗೆ ಬಾಗಿಲು ತೆರೆದುಕೊಂಡಿತು.

ಮೊದಲು ಬಿಸಿ ಗಾಳಿ ಬಂತು. ಅದರ ಹಿಂದೆ, ಬಾಗಿಲಿಗೆ ಒತ್ತಿಕೊಂಡೇ ಸತ್ತಿದ್ದ ಕುರಿಗಳು ಒಂದರ ಮೇಲೊಂದು ಉರುಳಿ ಬಿದ್ದವು. ನಾಲಿಗೆ ಹೊರಚಾಚಿತ್ತು, ಮೂಗಿನ ಬಳಿ ನೊರೆ ಅಂಟಿತ್ತು. ಹೆಣಗಳ ಅಡಿಯಿಂದ ಒಂದು ಟಗರು ಮುಂಗಾಲೂರಿ ಎದ್ದು, ಕಟ್ಟೆಯ ದಿಕ್ಕಿಗೆ ನಾಲ್ಕು ಹೆಜ್ಜೆ ಹೋಗಿ ಕುಸಿಯಿತು. ತಿಮ್ಮಮ್ಮ ಅದರ ತಲೆಯನ್ನು ತೊಡೆಯ ಮೇಲೆತ್ತಿಕೊಂಡಳು. ನೀರು ತರಲು ನಯನ ಓಡಿದಳು. ಅವಳು ಬರುವುದರೊಳಗೆ ಅದೂ ಮುಗಿದಿತ್ತು.

ಸಾಹೇಬರು ಕರವಸ್ತ್ರ ಮೂಗಿಗೆ ಹಿಡಿದಿದ್ದರು. "ಏನಿದು ಅಸಹ್ಯ!" ಎಂದು ಲೋಕೇಶನನ್ನು ಗದರಿದರು. ಆಮೇಲೆ ಹಳಿಯ ಕಡೆ ನೋಡಿದರು. "ರೈಲು ಬರೋದರೊಳಗೆ ಇದೆಲ್ಲ ಕ್ಲೀನ್ ಆಗಬೇಕು. ಹಡಗು ಯಾರಿಗೂ ಕಾಯಲ್ಲ."

ಅವರು ಕಾರಿನತ್ತ ನಡೆದರು. ಲೋಕೇಶ ನಯನಳ ಮುಂದೆ ಬೆರಳಾಡಿಸಿದ.

"ಬಾಗ್ಲು ತೆಗ್ದೋಳು ನೀನಲ್ವಾ? ನೀನೇ ಎಳ್ದು ಆಚೆ ಗುಂಡೀಗ್ ಹಾಕು. ಬೇಗ! ಆಮೇಲ್ ನೋಡ್ಕಂತೀನಿ ನಿಂಗೆ."

ನಯನ ಕಿತ್ತಳೆ ಜಾಕೆಟ್ಟು ಬಿಚ್ಚಿ ಅವನ ಕಾಲ ಬಳಿ ಎಸೆದಳು. ಒಂದು ಕುರಿಯ ಹಿಂಗಾಲು ಹಿಡಿದಳು. ತಿಮ್ಮಮ್ಮ ಟಗರಿನ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ ಎದ್ದು ಬಂದು ಮುಂಗಾಲು ಹಿಡಿದಳು. ಗುಂಡಿ ಎಡಕ್ಕಿತ್ತು. ಅವರು ಗೇಟಿನ ಕಡೆ ತಿರುಗಿದರು.

"ಏಯ್! ಎಲ್ಲಿಗ್ರೇ?"

ಸಾಹೇಬರ ಕಾರು ಗೇಟು ತಲುಪುವ ಮೊದಲೇ ಮೊದಲ ಕುರಿ ದಾರಿಗಡ್ಡ ಮಲಗಿತ್ತು. ಎರಡನೆಯದನ್ನು ಅದರ ಪಕ್ಕಕ್ಕೆ ತಂದು ಹಾಕಿದರು. ಹೊರಗಿನಿಂದ ಡಬ್ಬ ಹೊತ್ತು ಬಂದ ಟ್ರೈಲರುಗಳು ಗೇಟಿನಾಚೆ ಒಂದರ ಹಿಂದೊಂದು ನಿಂತವು.

"ಹತ್ತಿಸ್ಕಂಡ್ ಒಳಕ್ ಬಾರೋ! ಸತ್ತಿರೋ ಕುರಿಗೇನ್ಲಾ ನೋವಾಯ್ತದಾ?" ಎಂದು ಲೋಕೇಶ ಮುಂದಿನ ಟ್ರೈಲರಿನ ಚಾಲಕನಿಗೆ ಕೂಗಿದ.

ಚಾಲಕ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತೇ ಇದ್ದ. ಗಾಡಿ ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಎಂಜಿನ್ ಗುರುಗುಟ್ಟುತ್ತಲೇ ಇತ್ತು.

ಸಾಹೇಬರ ಕಾರು ಹಾರನ್ ಹೊಡೆಯಿತು. ಮತ್ತೆ ಹೊಡೆಯಿತು. ತಿಮ್ಮಮ್ಮ ಸೆರಗಿನಿಂದ ಕೈಯ ನೊರೆ ಒರೆಸಿಕೊಳ್ಳುತ್ತ, ಗಾಜಿನೊಳಗಿನ ಮುಖವನ್ನು ಬಗ್ಗಿ ನೋಡಿದಳು.

"ತಡಿಯಪ್ಪ," ಎಂದಳು. "ಇನ್ನೂ ಅವೆ."

ಮುಂದಿನದನ್ನು ತರಲು ಹೊರಟಳು.