ಅಳಿಸಬಾರದ ಮಗು

ಆ ಮನೆಯಲ್ಲಿ ಇದ್ದದ್ದು ಒಂದೇ ಕಟ್ಟಪ್ಪಣೆ: ಮಗುವನ್ನು ಅಳಿಸಬಾರದು. ಹುಟ್ಟುವಾಗಲೇ ಹೃದಯದಲ್ಲಿ ತೂತು ಹೊತ್ತು ಬಂದ ಹುಡುಗಿ. ಅತ್ತರೆ ತುಟಿ ನೇರಳೆಗಟ್ಟಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೇ ತಾತನ ಜೇಬಿನಲ್ಲಿ ಸದಾ ಪೆಪ್ಪರಮೆಂಟು. ಮೊಮ್ಮಗಳ ಮುಖ ಸೊಟ್ಟಗಾಯಿತೋ, ಬಾಯಿಗೊಂದು. ಹಲ್ಲುಜ್ಜಿಸಿಕೊಳ್ಳಲು ಒಲ್ಲೆನೆಂದು ಹಟ ಹಿಡಿದರೆ, "ಹಾಲುಹಲ್ಲು ಕಣೇ, ಹೇಗೂ ಬೀಳೋದು" ಎಂದು ಮಗುವಿನ ತಾಯಿಯಾದ ತನ್ನ ಮಗಳ ಕೈಯಿಂದ ಬ್ರಷ್ ಕಿತ್ತಿಡುತ್ತಿದ್ದ.

ಹೃದಯದ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಜ್ವರ ಹಿಡಿಯಿತು; ಬಿಡಲೊಲ್ಲದು. ರಕ್ತಪರೀಕ್ಷೆಯಾದ ಮೇಲೆ ಡಾಕ್ಟರಮ್ಮ ಮಗುವಿನ ಬಾಯಿಗೆ ಟಾರ್ಚು ಬಿಟ್ಟರು. ದವಡೆಹಲ್ಲು ಕಪ್ಪಗೆ ಕೊರೆದುಹೋಗಿತ್ತು.

"ರೋಗಾಣು ಇಲ್ಲಿಂದಲೇ ರಕ್ತಕ್ಕಿಳಿದು ಹೃದಯದಲ್ಲಿ ಕೂತಿರೋದು. ಇಂಜೆಕ್ಷನ್ ನಡೀತಿದೆ. ಆದರೆ ಹಲ್ಲು ಕೀಳದೆ ಸೋಂಕು ಹೋಗಲ್ಲ, ಸೋಂಕು ಹೋಗದೆ ಆಪರೇಷನ್ ಇಲ್ಲ."

ತಾತ ಕಾರಿಡಾರಿನಲ್ಲಿ ಅಂಡು ಸುಟ್ಟ ಬೆಕ್ಕಿನಂತೆ ಸುಳಿದಾಡಿದ. 'ದೇವರೇ, ಅವಳದು ಬಿಟ್ಟು ನನ್ನ ಹಲ್ಲು ಕಿತ್ತುಕೋ' ಎಂದು ಬೇಡೋಣವೆಂದರೆ ಬಾಯಲ್ಲಿ ಒಂದೂ ಉಳಿದಿರಲಿಲ್ಲ. ಕುಳಿತ, ಎದ್ದ, ಮತ್ತೆ ಕುಳಿತ.

ಹಲ್ಲಿನ ಡಾಕ್ಟರು ಬಾಗಿಲಿಗೆ ಬಂದರು. "ಪೂರ್ತಿ ಪ್ರಜ್ಞೆ ತಪ್ಪಿಸಿದ್ರೆ ಈ ಹೃದಯ ತಡೆಯೋದು ಕಷ್ಟ. ವಸಡು ಮರಗಟ್ಟಿಸಿ ಕೀಳ್ತೀನಿ. ಯಾರಾದ್ರೂ ತೊಡೆ ಮೇಲೆ ಹಿಡ್ಕೋಬೇಕು."

ಮಗಳು ಸೆರಗಿನಿಂದ ಕಣ್ಣೊತ್ತಿಕೊಂಡಳು. "ನನ್ನ ಕೈಲಾಗಲ್ಲಪ್ಪ. ಮುದ್ದು ಮಾಡಿದ್ದು ನೀನು, ನೀನೇ ಹಿಡ್ಕೋ."

ಸೂಜಿ ಕಂಡದ್ದೇ ತಡ, ಮಗು ತಾತನ ಜೇಬು ತಡಕಿತು. "ಇಲ್ಲ ಪುಟ್ಟಿ" ಎಂದು ಅವನು ಆ ಪುಟ್ಟ ಕೈ ಹಿಡಿದುಕೊಂಡ.

ಮಗು ಕಿರುಚಿತು. ತುಟಿ ನೇರಳೆಯಾಯಿತು, ಉಗುರು ಕಪ್ಪಿಟ್ಟಿತು. ತಾತನ ತೋಳು ತಾನಾಗಿ ಸಡಿಲವಾಗುತ್ತಿತ್ತು.

"ಬಿಡಬೇಡಿ ಯಜಮಾನ್ರೇ! ಮಗೂನ ಮಂಡಿ ಮಡಚಿ ಅದರ ಎದೆಗೊತ್ತಿ, ಉಸಿರು ಬರುತ್ತೆ!" ನರ್ಸು ಆಮ್ಲಜನಕದ ನಳಿಗೆಯನ್ನು ಮೂಗಿನ ಬಳಿ ಹಿಡಿದಳು. ತಾತ ಮಂಡಿಗಳನ್ನು ಮಡಚಿ ಒತ್ತಿದ. ಇಕ್ಕಳ ಒಮ್ಮೆ ತಿರುಗಿತು. ಹಲ್ಲು ಟ್ರೇಗೆ ಬಿತ್ತು.

ಉಸಿರು ಮೆಲ್ಲಗೆ ಮರಳಿತು. ತುಟಿಗೆ ಬಣ್ಣ ಬಂತು. ಮಗು ತಾತನ ಮುಖ ನೋಡದೆ ಬಾಗಿಲಲ್ಲಿ ನಿಂತಿದ್ದ ಅಮ್ಮನತ್ತ ಕೈ ಚಾಚಿತು.

"ತಾತ ಕೆಟ್ಟೋನು."

"ಹೂಂ ಕಣವ್ವ, ಕೆಟ್ಟೋನೇ," ಎಂದ ತಾತ.

ಡಾಕ್ಟರು ಕೈಗವಸು ಕಳಚತೊಡಗಿದ್ದರು. ಮಗುವನ್ನು ಎತ್ತಿಕೊಂಡು ಎದ್ದಿದ್ದ ತಾತ ಮತ್ತೆ ಕುರ್ಚಿಯಲ್ಲಿ ಕೂತ.

"ಸ್ವಾಮಿ, ಅದರ ಪಕ್ಕದ್ದೂ ಕಪ್ಪಗಿದ್ದ ಹಾಗಿತ್ತು. ಅದನ್ನೂ ಒಂದ್ಸಲ ನೋಡಿಬಿಡಿ. ನಾನೇ ಹಿಡ್ಕೋತೀನಿ."